ಸಂಕ ಹೋದ ಮೇಲೆ: ಬೆಟ್ಟದ ಹಳ್ಳಿಯಲ್ಲಿ ಹರಿಕೇನ್ ಎದುರಿಸುವುದು

ಹರಿಕೇನ್, ಅಂದರೆ ಚಂಡಮಾರುತ, ಕಡಲ ದಂಡೆಯವರ ಚಿಂತೆ ಅಂದುಕೊಂಡಿದ್ದೆ. ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಯಾನ್ಸಿ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ), ಬೆಟ್ಟಗಳ ನಡುವೆ. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಎಂಬ ಹರಿಕೇನ್ ಫ್ಲೋರಿಡಾಕ್ಕೆ ಅಪ್ಪಳಿಸಿತು. ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದಿನ ಹಳ್ಳ ಸಂಕವನ್ನೇ (ಚಿಕ್ಕ ಸೇತುವೆ) ಕಿತ್ತುಕೊಂಡು ಹೋಯಿತು. ನಮ್ಮ ಕೌಂಟಿಯ ಬ್ಯೂಸಿಕ್‌ನಲ್ಲಿ ಮೂರು ದಿನಕ್ಕೆ 30 ಇಂಚಿಗೂ ಜಾಸ್ತಿ ಮಳೆ. ಶಿರಸಿ ಕಡೆ ಹುಟ್ಟಿದ ನಾನೂ ಅಂಥ ಮಳೆ ನೋಡಿರಲಿಲ್ಲ.

ಹಾಗಾಗಿ ಮೊದಲ ಮಾತು: ಬೆಟ್ಟದಲ್ಲಿ ಗಾಳಿಗಿಂತ ನೀರಿಗೆ ಹೆದರಿ. ಮನೆ ಉಳಿದರೂ ದಾರಿ ಉಳಿಯುವುದಿಲ್ಲ. ಹಳ್ಳ ಏರುವ ಲಕ್ಷಣ ಕಂಡರೆ ಕತ್ತಲಾಗುವ ಮೊದಲೇ ಹೊರಡಿ. ಉಳಿಯುವುದೇ ಆದರೆ ಎರಡು ವಾರ ಯಾರೂ ಬರುವುದಿಲ್ಲ ಅಂತ ಲೆಕ್ಕ ಹಾಕಿ.

ನಮ್ಮದು ಬೋರ್‌ವೆಲ್. ಕರೆಂಟ್ ಹೋಯಿತು ಅಂದರೆ ಪಂಪ್ ನಿಂತಿತು, ನೀರೂ ಇಲ್ಲ. ಇದು ನನಗೆ ಹೊಳೆದದ್ದು ನಲ್ಲಿ ಒಣಗಿದ ಮೇಲೆ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್ ಕುಡಿಯುವ ನೀರು ತುಂಬಿಡಿ. ಟಾಯ್ಲೆಟ್‌ಗೆ ಬೇರೆ ಡ್ರಮ್ ಇರಲಿ. ಕುದಿಸಲು ಆಗದಿದ್ದರೆ, 6 ಪರ್ಸೆಂಟ್‌ನ ವಾಸನೆಯಿಲ್ಲದ ಸಾದಾ ಬ್ಲೀಚ್ ಗ್ಯಾಲನ್‌ಗೆ 8 ಹನಿ ಹಾಕಿ ಅರ್ಧ ಗಂಟೆ ಬಿಡಿ. ಎಣ್ಣೆ, ಪೆಟ್ರೋಲ್ ಸೇರಿದ ನೀರಿಗೆ ಇದು ನಡೆಯುವುದಿಲ್ಲ. ಜನರೇಟರ್ ಮನೆಯಿಂದ 20 ಅಡಿ ದೂರದಲ್ಲಿರಲಿ, ಗ್ಯಾರೇಜ್ ಒಳಗಂತೂ ಬೇಡವೇ ಬೇಡ. ಅದರ ಹೊಗೆಯಲ್ಲಿರುವ ವಿಷಕ್ಕೆ ವಾಸನೆಯೇ ಇಲ್ಲ.

ಅಕ್ಕಿ, ಬೇಳೆ, ಚಿಲ್ಲರೆ ನೋಟು, ಟಾರ್ಚ್ ಎಲ್ಲರಿಗೂ ಗೊತ್ತು. ಮಾತ್ರೆ ಮರೆಯುತ್ತೇವೆ. ನನ್ನ ಥೈರಾಯ್ಡ್ ಮಾತ್ರೆ ನಾಲ್ಕನೇ ದಿನಕ್ಕೆ ಮುಗಿಯಿತು. ಆಚೆ ದಡದ ನೆರೆಯವರು ಮರದಿಂದ ಮರಕ್ಕೆ ಹಗ್ಗ ಎಳೆದು, ಅದರಲ್ಲಿ ಹಳದಿ ಬಕೆಟ್ ತೂಗುಹಾಕಿ ಕಳಿಸಿದರು. ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿತ್ತು, ಬಕೆಟ್ ನಡುದಾರಿಯಲ್ಲಿ ಸಿಕ್ಕಿಕೊಂಡಾಗ ನನಗೆ ಉಸಿರೇ ನಿಂತಂತಾಯಿತು. ಈಗ ಉದ್ದದ ಹಗ್ಗವೂ ತಿಂಗಳ ಮಾತ್ರೆಯೂ ಮನೆಯಲ್ಲೇ ಇರುತ್ತವೆ.

ಮೊಬೈಲ್ ಸತ್ತುಹೋಗಿತ್ತು. ಸುದ್ದಿ ಸಿಕ್ಕಿದ್ದು ಎರಡು ಕಡೆ. ಒಂದು, ಊರಿನ ಫೈರ್ ಸ್ಟೇಷನ್ ಬೋರ್ಡ್. ಇನ್ನೊಂದು, ಮೌಂಟ್ ಮಿಚೆಲ್ ಮೇಲಿನ ಹ್ಯಾಮ್ ರೇಡಿಯೋ ರಿಪೀಟರ್, ಅಂದರೆ ಹವ್ಯಾಸಿ ರೇಡಿಯೋದವರ ಮಾತನ್ನು ದೂರಕ್ಕೆ ಮರುಪ್ರಸಾರ ಮಾಡುವ ಯಂತ್ರ. ಮಾತಾಡಲು ಲೈಸೆನ್ಸ್ ಬೇಕು, ಸುಮ್ನೆ ಕೇಳುವುದಕ್ಕೆ ಬೇಡ.

ನೀರು ಇಳಿದ ಮೇಲಿನ ಕೆಲಸವೇ ದೊಡ್ಡದು, ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಕೆಸರು ತೆಗೆಯುವ ಆತುರದಲ್ಲಿ ಏನನ್ನೂ ಎಸೆಯಬೇಡಿ, ಪರಿಹಾರ ಕೇಳಲು ಮೊದಲು ಫೋಟೋ. ಗೋಡೆಯ ಕೆಸರು ಗೆರೆಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆಯಿರಿ. ಫ್ರಿಜ್, ವಾಷಿಂಗ್ ಮೆಷೀನ್‌ಗಳ ಸೀರಿಯಲ್ ನಂಬರ್ ಕಾಣುವಂತೆ ತೆಗೆಯಿರಿ. ಆಮೇಲೆ ಒದ್ದೆ ಕಾರ್ಪೆಟ್, ಡ್ರೈವಾಲ್ (ಗೋಡೆಗೆ ಹೊಡೆದ ಜಿಪ್ಸಮ್ ಹಲಗೆ) ಬೇಗ ಹೊರಗೆ ಹಾಕಿ, ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಬೋರ್‌ವೆಲ್‌ ಬಾಯಿಗೆ ನೆರೆ ನೀರು ಹೋಗಿದ್ದರೆ ಕ್ಲೋರಿನ್ ಹಾಕಿ, ಟೆಸ್ಟ್ ರಿಪೋರ್ಟ್ ಬರುವ ತನಕ ಕುಡಿಯಬೇಡಿ.

ಮಾಮೂಲಿ ಮನೆ ವಿಮೆ ನೆರೆ ಹಾನಿಗೆ ಕೊಡುವುದಿಲ್ಲ. ಇದು ನಮಗೆ ಆಮೇಲೆ ತಿಳಿಯಿತು, ತುಂಬಾ ನೋವಾಯಿತು. ಸರ್ಕಾರದ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಕಾದ ಮೇಲೇ ಜಾರಿಗೆ ಬರುತ್ತದೆ. ಬಿರುಗಾಳಿಯ ಸುದ್ದಿ ಕೇಳಿ ಮಾಡಿಸಿದರೆ ಪ್ರಯೋಜನವಿಲ್ಲ.

ವಿಪತ್ತಿನಲ್ಲಿ ನೆರವು ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ ಫೆಮಾಗೆ ಅರ್ಜಿ ಹಾಕಿ. ‘ಅರ್ಹರಲ್ಲ’ ಅಂತ ಪತ್ರ ಬಂದರೆ ಕೈಚೆಲ್ಲಬೇಡಿ, ದಯವಿಟ್ಟು ಪೂರ್ತಿ ಓದಿ. ಎಷ್ಟೋ ಸಲ ಬೇಕಾಗಿರುವುದು ಒಂದು ಕಾಗದ ಅಷ್ಟೇ. ಪತ್ರದ ತಾರೀಖಿನಿಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಮನೆಗೆ ಹೋಗಲು ಸಂಕ ಒಂದೇ ದಾರಿಯಾಗಿದ್ದರೆ ಅದನ್ನೂ ಅರ್ಜಿಯಲ್ಲಿ ಕೇಳಿ, ಖಾಸಗಿ ಸೇತುವೆಗೂ ನೆರವು ಸಿಗುವುದುಂಟು.

ನಮ್ಮ ಹಳೆಯ ಸಂಕದ ಕೆಳಗೆ ಒಂದೇ ಪೈಪ್ ಇತ್ತು. ಮರದ ದಿಮ್ಮಿ ಬಂದು ಬಾಯಿ ಕಟ್ಟಿತು, ನೀರು ಪಕ್ಕದ ಮಣ್ಣನ್ನೇ ಕೊರೆಯಿತು. ಅದೇ ಥರದ್ದನ್ನು ಮತ್ತೆ ಹಾಕಬೇಡಿ. ಕೌಂಟಿಯ ಪರ್ಮಿಟ್ ತೆಗೆದುಕೊಂಡು ಹಳ್ಳಕ್ಕೆ ಅಗಲ ಬಿಡಿ. ನಮಗೆ 13 ತಿಂಗಳು ಹಿಡಿಯಿತು. ಅಲ್ಲಿಯ ತನಕ ದಿನಸಿ ಎಲ್ಲ ತಲೆ ಮೇಲೆ, ಕಲ್ಲು ದಾಟಿ.

ಜೂನ್ 1ಕ್ಕೆ ಹರಿಕೇನ್ ಕಾಲ ಶುರು. ಅದಕ್ಕೆ ಮೊದಲು ಡ್ರಮ್ಮಿನ ನೀರು ಬದಲಿಸಿ, ಹಳ್ಳದ ಮೇಲ್ಗಡೆಗೆ ಒಮ್ಮೆ ನಡೆದು, ಅಡ್ಡ ಬಿದ್ದ ಒಣಮರ ಎಳೆದು ಹಾಕಿ.