ಹದಿನಾರು ತಿಂಗಳು ಸುಮ್ನೆ ಕೂತ ಸಾಸ್ವೆ

ಹೋದ ಶನಿವಾರ ರಾತ್ರಿ ನಮ್ಮ ನಾಯಿ ಸಾಸ್ವೆ ಮುಕ್ಕಾಲು ಗಂಟೆಯಲ್ಲಿ ಹನ್ನೊಂದು ಇಲಿ ಹಿಡಿದಳು. ಅದರಲ್ಲಿ ಮೂರು ಹೆಗ್ಗಣ. ಎಣಿಸಿದ್ದು ನಾನಲ್ಲ, ಪಕ್ಕದ ಗೋಡೌನಿನವರು. ಎರಡು ವರ್ಷದ ಹಿಂದೆ ಇದೇ ಮನುಷ್ಯ ಅವಳನ್ನು ನೋಡಿ, "ಏನ್ ಸಾರ್, ಇದು ಇಲಿ ಹಿಡಿಯುತ್ತಾ? ಇಲೀನೇ ಇದನ್ನ ಎತ್ಕೊಂಡು ಹೋಗುತ್ತೆ ನೋಡಿ" ಅಂದು ಹಮಾಲಿಗಳನ್ನೆಲ್ಲ ನಗಿಸಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಂದು ದನದ ಮೇವಿನ ವ್ಯಾಪಾರ. ಅಂಗಡಿ ಯಶವಂತಪುರದ ಕಡೆ, ಗೋಡೌನ್ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ. ಬೂಸಾ, ಮೆಕ್ಕೆಜೋಳ, ಶೇಂಗಾ ಹಿಂಡಿ, ಹತ್ತಿಬೀಜದ ಹಿಂಡಿ. ಇಲಿಗೆ ಇದಕ್ಕಿಂತ ಮದುವೆ ಮನೆ ಬೇಕಾ? ತಿಂದು ಹೋದದ್ದು ಕಡಿಮೆ, ಕೆಡಿಸಿದ್ದು ಜಾಸ್ತಿ. ತೂತು ಬಿದ್ದ ಚೀಲ ರೈತ ಮುಟ್ಟಲ್ಲ. ತಿಂಗಳಿಗೆ ಐದಾರು ಸಾವಿರ ಅಲ್ಲೇ ಹೋಗುತ್ತಿತ್ತು.

ನಾಯಿ ತರೋದಕ್ಕೆ ಮೊದಲು ಬೇರೆ ಎಲ್ಲ ಮಾಡಿ ನೋಡಿದ್ದೆ. ತಿಂಗಳಿಗೆ 2,200 ಕೊಟ್ಟು ಔಷಧಿಯವರನ್ನು ಕರೆಸಿದೆ, ಎಂಟು ತಿಂಗಳು. ಪಾಷಾಣ ತಿಂದ ಇಲಿ ಮೂಟೆಯ ಅಡಿ ಹೋಗಿ ಸಾಯುತ್ತೆ. ನಾತಕ್ಕೆ ಎಂಬತ್ತು ಮೂಟೆ ಇಳಿಸಿ ಹುಡುಕಬೇಕು, ಹಮಾಲಿ ಬೇರೆ. ಅಂಟಿನ ಹಲಗೆಗೆ ಇಲಿಗಿಂತ ಹಲ್ಲಿ ಜಾಸ್ತಿ ಸಿಕ್ಕವು. ಒಂದು ಸಲ ಕೇರೆಹಾವಿನ ಮರಿ ಅಂಟಿಕೊಂಡು, ಅಡುಗೆ ಎಣ್ಣೆ ಹಾಕಿ ಬಿಡಿಸಿ ಬಿಟ್ಟೆವು. ಎರಡು ಬೆಕ್ಕು ತಂದೆ. ಸಣ್ಣ ಇಲಿಗೆ ಪರವಾಗಿಲ್ಲ. ಹೆಗ್ಗಣ ಬಂದರೆ ಎರಡೂ ಮೇಜಿನ ಮೇಲೆ ಕೂತು ನೋಡುತ್ತಿದ್ದವು.

ನಮ್ಮೂರ ಕಡೆಯಂತೆ ಮೆಣಸಿನಕಾಯಿ ಹೊಗೆ ಹಾಕುವ ಪ್ರಯೋಗವೂ ಆಯಿತು. ಮಡಕೆಯಲ್ಲಿ ಕೆಂಡ, ಮೇಲೆ ಬ್ಯಾಡಗಿ, ಬಿಲಕ್ಕೆ ಊದುವುದು. ಇಲಿ ಎರಡು ಬಂದವು. ಹೊಗೆ ಮೂರು ಗೋಡೌನಿಗೆ ಹೋಯಿತು. ಕೆಮ್ಮಿದವರೆಲ್ಲ ಸೇರಿ ನನ್ನ ಜನ್ಮ ಜಾಲಾಡಿದರು. ಬ್ಯಾಡಗಿಯಲ್ಲಿ ಖಾರಕ್ಕಿಂತ ಬಣ್ಣ ಜಾಸ್ತಿ ಅಂತ ಮನೆಯವಳು ಆಮೇಲೆ ಹೇಳಿದಳು. ಗುಂಟೂರು ಹಾಕಿದ್ದರೆ ಇನ್ನೇನಾಗುತ್ತಿತ್ತೋ.

ಆಮೇಲೆ ಜಾಕ್ ರಸೆಲ್ ಟೆರಿಯರ್ ಅನ್ನೋ ಸಣ್ಣ ಜಾತಿಯ ನಾಯಿ. ಮೊದಲನೆಯದು ಗಂಡು, ಟೈಗರ್. 32 ಸಾವಿರ ಕೊಟ್ಟಿದ್ದೆ. ಅದರ ವಿಷಯ ಬರೆಯೋಕೆ ಇವತ್ತಿಗೂ ನಾಚಿಕೆ. ಏಳು ತಿಂಗಳಿಗೆ ಎಲ್ಲ ಹಲ್ಲು ಬಂದಿತ್ತು, ಚಪ್ಪಲಿ ಹರಿಯುವುದರಲ್ಲಿ ಶೂರ. ಕೆಲಸಕ್ಕೆ ರೆಡಿ ಅಂದುಕೊಂಡೆ. ಬೋನಿಗೆ ಬಿದ್ದ ಹೆಗ್ಗಣವನ್ನು ಶಟರ್ ಇಳಿಸಿದ ಗೋಡೌನಿನಲ್ಲಿ ಅದರ ಮುಂದೆ ಬಿಟ್ಟೆ. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ಯಾರೋ ಹೇಳಿದ್ದರು. ಹೆಗ್ಗಣಕ್ಕೆ ಓಡಲು ಜಾಗ ಇಲ್ಲ, ತಿರುಗಿ ನಿಂತಿತು. ಟೈಗರ್ ಮೂತಿ ಚಾಚಿದ. ಮೇಲಿನ ತುಟಿಗೆ ಕಚ್ಚಿ ಜೋತುಬಿತ್ತು. ಆ ಕೂಗು ಈಗಲೂ ಕಿವಿಯಲ್ಲಿದೆ. ಹೊಲಿಗೆಗೆ, ಇಂಜೆಕ್ಷನ್‌ಗೆ ನಾಲ್ಕು ಸಾವಿರದ ಹತ್ತಿರ ಆಯಿತು. ತುಟಿ ಹದಿನೈದು ದಿನದಲ್ಲಿ ಒಣಗಿತು. ಆದರೆ ಗೋಣಿಚೀಲ ಕಂಡರೇ ಅವನು ಬಾಲ ಕಾಲೊಳಗೆ ಇಟ್ಟುಕೊಳ್ಳೋಕೆ ಶುರು ಮಾಡಿದ. ಒಂದು ವರ್ಷ ಪ್ರಯತ್ನಪಟ್ಟೆ, ಸರಿಹೋಗಲಿಲ್ಲ. ಈಗ ಮೈಸೂರಿನಲ್ಲಿ ತಂಗಿ ಮನೆಯ ಸೋಫಾ ಮೇಲೆ ಆರಾಮಾಗಿದ್ದಾನೆ. ಬೋನಿನ ಇಲಿ ಬಿಟ್ಟು ಕಲಿಸೋದನ್ನು ಅವತ್ತಿಗೆ ಬಿಟ್ಟೆ. ಇಲಿಗೂ ಅದು ಹಿಂಸೆ, ನಾಯಿಗೂ ಅದರಿಂದ ಬೋನಿನ ಕಡೆ ನೋಡೋದು ಬಿಟ್ಟು ಬೇರೇನೂ ಬರಲ್ಲ.

ಸಾಸ್ವೆ ಬಂದದ್ದು ಯುಗಾದಿ ಹೊತ್ತಿಗೆ, ಹತ್ತು ಹನ್ನೊಂದು ವಾರದ ಮರಿ. 26 ಸಾವಿರ. ಬಿಳಿ ಮೈ, ಮೂತಿ ತುಂಬ ಒಗ್ಗರಣೆ ಸಿಡಿದ ಹಾಗೆ ಚುಕ್ಕಿ. ಹೆಸರು ಮನೆಯವಳೇ ಇಟ್ಟಳು. ಎಲ್ಲಿಂದ ತಂದಿರಿ ಅಂತ ಕೇಳಬೇಡಿ. ಅವರ ಹತ್ತಿರ ಮುಂದಿನ ಮರಿಗೂ ನಾನೇ ಮೊದಲು ನಿಲ್ಲಬೇಕು. ತಾಯಿಯನ್ನು ನೋಡಿಯೇ ಮರಿ ತಂದದ್ದು ಅಂತ ಮಾತ್ರ ಹೇಳುತ್ತೇನೆ. ತಾಯಿ ಹೊಸಬರನ್ನು ಕಂಡು ಬೊಗಳಿ ಆಮೇಲೆ ತಾನಾಗಿ ಹತ್ತಿರ ಬಂತು. ನನಗೆ ಬೇಕಿದ್ದದ್ದು ಅದೇ.

ಒಂದೇ ತೀರ್ಮಾನ ಮಾಡಿದ್ದೆ. ಹದಿನೈದು ತಿಂಗಳು ತುಂಬೋ ತನಕ ಇಲಿ ಮುಂದೆ ಬಿಡೋದಿಲ್ಲ. ಈ ಜಾತಿ ಮಾಡಿದ್ದು ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಡೆವನ್ ಕಡೆಯ ಜಾನ್ ರಸೆಲ್ ಅನ್ನೋ ಪಾದ್ರಿ, ಬಿಲದಿಂದ ನರಿ ಎಬ್ಬಿಸೋಕೆ. ಅಲ್ಲಿನ ಹಳಬರೂ ಎಳೆ ನಾಯಿಯನ್ನು ಬಿಲಕ್ಕೆ ಬಿಡುತ್ತಿರಲಿಲ್ಲ. ಒಂದು ವರ್ಷ ದಾಟಲಿ ಅನ್ನುತ್ತಿದ್ದರು. ನಮಗೆ ನರಿಯ ಕೆಲಸ ಇಲ್ಲವೇ ಇಲ್ಲ. ನರಿ, ಮುಂಗುಸಿ, ಉಡ ಎಲ್ಲ 1972ರ ವನ್ಯಜೀವಿ ಕಾಯ್ದೆಯಲ್ಲಿವೆ, ಆ ಬಿಲಗಳ ಹತ್ತಿರವೂ ಬಿಡಬೇಡಿ. ನಮ್ಮದು ನೆಲದ ಮೇಲಿನ ಕೆಲಸ, ಇಲಿ ಮಾತ್ರ.

ಆ ಹದಿನೈದು ತಿಂಗಳು ಏನು ಮಾಡಿದೆ? ಹೆಚ್ಚೇನಿಲ್ಲ. ಸ್ಕೂಟರಿನ ಮುಂದೆ ಬುಟ್ಟಿಯಲ್ಲಿ ಕೂರಿಸಿಕೊಂಡು ವಾರಕ್ಕೆ ಮೂರು ದಿನ ಗೋಡೌನಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ತಿಂಗಳು ತೂಕದ ಯಂತ್ರದ ಪಕ್ಕ ನನ್ನ ಮಡಿಲಲ್ಲೇ. ಲಾರಿಯಿಂದ ಮೂಟೆ ಧೊಪ್ಪನೆ ಬಿದ್ದರೆ ಬೆಚ್ಚುತ್ತಿದ್ದಳು. ಪ್ರತಿ ಧೊಪ್‌ಗೆ ಒಂದು ಚೂರು ಕೋಳಿ ಈಲಿ, ಅಂದರೆ ಲಿವರ್. ಮೂರನೇ ವಾರಕ್ಕೆ ಸದ್ದಾದ ಕೂಡಲೇ ನನ್ನ ಜೇಬು ನೋಡೋಕೆ ಶುರು ಮಾಡಿದಳು. ಎಂಟಿಂಚಿನ ಪಿವಿಸಿ ಪೈಪು ಆರಡಿ ಕತ್ತರಿಸಿ ಹಿತ್ತಲಲ್ಲಿ ಹಾಕಿದೆ, ಅವಳು ನುಸುಳೋಕೆ. ಆಮೇಲೆ ಪೈಪಿಗೆ ಒಂದು ತಿರುವು, ಆಮೇಲೆ ಎರಡು. ಪೈಪಿನ ಆ ತುದಿಯಲ್ಲಿ ಹಳೇ ಬಟ್ಟೆ ಸುತ್ತಿ ಇಡುತ್ತಿದ್ದೆ. ಬಟ್ಟೆಗೆ ಏನು ಹಚ್ಚುತ್ತಿದ್ದೆ ಅನ್ನೋದು ನನ್ನ ಹತ್ತಿರವೇ ಇರಲಿ. "ಬಿಡು" ಅನ್ನೋದನ್ನು ಮಾತ್ರ ದಿನಾ ಕಲಿಸಿದೆ, ಬೇಜಾರಾಗೋಷ್ಟು. ಇಲಿ ಇರುವಲ್ಲಿ ನಾಗರಹಾವು ಬರುತ್ತೆ. "ಬಿಡು" ಅಂದರೆ ಬಿಡದ ನಾಯಿಯನ್ನು ಗೋಡೌನಿಗೆ ತರಲೇಬಾರದು.

ಎಲ್ಲ ಚೆನ್ನಾಗಿ ಹೋಗುತ್ತಿತ್ತು. ದೀಪಾವಳಿ ಬಂತು. ಅವಳಿಗೆ ಹತ್ತು ತಿಂಗಳು. ಗೇಟಿನ ಎದುರೇ ಯಾರೋ ಸರಪಟಾಕಿ ಹಚ್ಚಿದರು. ಹೊರಗೆ ಕಟ್ಟಿದ್ದು ನನ್ನ ತಪ್ಪು. ಆಮೇಲೆ ಆರು ವಾರ ಸಂಜೆಯಾದರೆ ಗೇಟು ದಾಟಲಿಲ್ಲ. ಗೋಡೌನಿನಲ್ಲಿ ಶಟರ್ ಎಳೆದರೆ ನಡುಗುತ್ತಿದ್ದಳು. ಕೇಳದಿದ್ದರೂ ಸಲಹೆ ಸುರಿದವು. ಜೋರಾದ ನಾಯಿ ಜೊತೆ ಬಿಡಿ, ನೋಡಿ ಕಲಿಯುತ್ತೆ ಅಂದರು. ಅದನ್ನೂ ಮಾಡಿದೆ. ಪರಿಚಯದವರ ಹತ್ತಿರ ಇಲಿ ಹಿಡಿದು ಪಳಗಿದ ಗಂಡು ಇತ್ತು, ಎರಡು ಭಾನುವಾರ ಆಟೋದಲ್ಲಿ ತರಿಸಿದೆ. ಹೋಗಿ ಬರೋಕೆ ಸಾವಿರದೈನೂರು. ಅದು ಇಲಿ ಹಿಡಿಯಿತು, ಇವಳು ಹತ್ತಿರ ಹೋದರೆ ಗುರ್ ಅಂದಿತು. ಎರಡನೇ ಭಾನುವಾರ ಇವಳು ಅದರ ಹಿಂದೆ ನಿಂತು ಅದರ ಬಾಲ ನೋಡುತ್ತಿದ್ದಳು. ಅಲ್ಲಿಗೆ ಆ ಶಾಲೆ ಮುಚ್ಚಿದೆ. ಇದರ ಮಧ್ಯೆ ಉಣ್ಣಿ ಕಚ್ಚಿ ಜ್ವರ ಬೇರೆ ಬಂತು. ನಾಲ್ಕು ವಾರ ಮಾತ್ರೆ, ರಕ್ತ ಪರೀಕ್ಷೆ, ಎಲ್ಲ ಸೇರಿ ಏಳೆಂಟು ಸಾವಿರ. "ರೀ, ಇಷ್ಟು ದುಡ್ಡಿಗೆ ಇಲಿಗೇ ಒಂದು ಮೂಟೆ ಬೂಸಾ ಬರೆದುಕೊಡಿ" ಅಂದಳು ಮನೆಯವಳು. ಲೆಕ್ಕ ಹಾಕಿದರೆ ಅವಳು ಹೇಳಿದ್ದೇ ಸರಿ ಇತ್ತು.

ಮತ್ತೆ ಮಡಿಲಿನಿಂದ ಶುರು ಮಾಡಿದೆ. ತೂಕದ ಯಂತ್ರ, ಧೊಪ್, ಈಲಿ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು.

ಹದಿನಾಲ್ಕನೇ ತಿಂಗಳಲ್ಲಿ ಒಂದು ಬದಲಾವಣೆ ಕಂಡಿತು. ನನ್ನಂತೆ ಕಾಯುತ್ತಿರುವವರು ಇದನ್ನು ಗಮನಿಸಿ. ಮೊದಲು ಮೂಟೆ ಸಂದಿಯಲ್ಲಿ ವಾಸನೆ ಬಂದರೆ ಕುಂಯ್ ಕುಂಯ್ ಅನ್ನುತ್ತಿದ್ದಳು, ಕಾಲಲ್ಲಿ ಕೆರೆಯುತ್ತಿದ್ದಳು, ತಿರುಗಿ ನನ್ನ ಮುಖ ನೋಡುತ್ತಿದ್ದಳು. ನೋಡಿದವರು ಆಹಾ ಏನು ಹುರುಪು ಅನ್ನುತ್ತಾರೆ. ಅದು ಹುರುಪಲ್ಲ, ಪುಕ್ಕಲು. ಒಂದು ದಿನ ಆ ಸದ್ದು ನಿಂತಿತು. ಮುಂಗಾಲು ಒಂದು ಎತ್ತಿ, ತಲೆ ಸ್ವಲ್ಪ ವಾಲಿಸಿ, ಕಲ್ಲಿನ ಹಾಗೆ ನಿಂತಳು. ನನ್ನ ಕಡೆ ನೋಡಲೇ ಇಲ್ಲ. ನಮ್ಮ ಹಮಾಲಿ ಮೇಸ್ತ್ರಿ ಬೀಡಿ ಕೆಳಗಿಟ್ಟು, "ಅಣ್ಣಾ, ಈಗ ಕೂತ್ಕೊಂತು ನೋಡಿ ಅದರ ಮನಸ್ಸು" ಅಂದ. ನನಗೂ ಹಾಗೇ ಅನ್ನಿಸಿತು. ಆದರೂ ಬಿಡಲಿಲ್ಲ. ಇನ್ನೂ ಎರಡು ತಿಂಗಳು ಹಗ್ಗದಲ್ಲೇ ಇಟ್ಟೆ. ಆ ಎರಡು ತಿಂಗಳು ನನಗೆ ಕಷ್ಟವಾದದ್ದು, ಅವಳಿಗಲ್ಲ.

ಮೇ ತಿಂಗಳ ಒಂದು ಸಂಜೆ ಜೋರು ಮಳೆ. ಬಿಲಕ್ಕೆ ನೀರು ನುಗ್ಗಿದರೆ ಇಲಿ ಒಳಗೆ ಬರುತ್ತೆ ಅಂತ ನಿಮಗೂ ಗೊತ್ತು. ಕರೆಂಟ್ ಹೋಗಿತ್ತು. ನನ್ನ ಕೈಯಲ್ಲಿ ಟಾರ್ಚು. ಹಗ್ಗ ಬಿಚ್ಚಿದೆ, ಏನೂ ಹೇಳಲಿಲ್ಲ. ಜೋಳದ ಮೂಟೆ ಪೇರಿಸಿದ ನಿಟ್ಟಿನ ಮೂಲೆಗೆ ಹೋಗಿ ನಿಂತಳು. ಒಂದು ನಿಮಿಷ ಇರಬಹುದು, ನನಗೆ ಅರ್ಧ ಗಂಟೆ ಅನ್ನಿಸಿತು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಆ ಸದ್ದಿಗೆ ಅವಳ ಕಿವಿಯೂ ಅಲ್ಲಾಡಲಿಲ್ಲ. ಗೋಡೆ ಪಕ್ಕ ಇಲಿ ಹೊರಬಿತ್ತು, ಮಧ್ಯಮ ಗಾತ್ರದ್ದು. ಅವಳು ಹಾರಲಿಲ್ಲ, ಬರೀ ಒಂದು ಹೆಜ್ಜೆ ಅಡ್ಡ ಬಂದಳು. ಬೆನ್ನಿಗೆ ಬಾಯಿ, ಒಂದು ಕೊಡವು, ಮುಗಿಯಿತು. ಬಾಯಿಂದ ಬೀಳಿಸಿ ಅದನ್ನು ಮೂಸಿ, ಮತ್ತೆ ಅದೇ ಮೂಲೆಗೆ ಹೋಗಿ ನಿಂತಳು. ಹೊಗಳೋಕೂ ನನಗೆ ಪುರುಸೊತ್ತು ಕೊಡಲಿಲ್ಲ.

ಆಮೇಲೆ ಎಲ್ಲ ನೆಟ್ಟಗೆ ಹೋಯಿತು ಅಂದುಕೊಳ್ಳಬೇಡಿ. ಮುಂದಿನ ವಾರವೇ ಸೊಂಡಿಲಿ ಹಿಡಿದಳು. ಅದೇ, ಮೂತಿ ಉದ್ದ, ಗಬ್ಬು ನಾತ. ಬಾಯಲ್ಲಿ ನೊರೆ ಬಂತು, ಉಗುಳಿ ಉಗುಳಿ ಸುಸ್ತಾದಳು. ಇನ್ನು ಇವಳೂ ಟೈಗರ್ ಆದಳು ಅಂದುಕೊಂಡೆ. ನೀರು ಕುಡಿದು ಹತ್ತು ನಿಮಿಷ ಮಲಗಿ ಎದ್ದು ಬಂದಳು. ಅವತ್ತಿನಿಂದ ಸೊಂಡಿಲಿ ಎದುರಿಗೇ ಹೋದರೂ ಮುಖ ತಿರುಗಿಸುತ್ತಾಳೆ. ಏಳು ತಿಂಗಳಿಗೆ ಇದೇ ಆಗಿದ್ದರೆ ಹತ್ತು ನಿಮಿಷದಲ್ಲಿ ಏಳುತ್ತಿರಲಿಲ್ಲ. ಹೆಗ್ಗಣಕ್ಕೆ ಬಿಟ್ಟದ್ದು ಹತ್ತೊಂಬತ್ತು ತಿಂಗಳಿಗೆ. ಕೆನ್ನೆಗೆ ಒಂದು ಗೀರು ಬಿತ್ತು, ಅವಳು ಬಿಡಲಿಲ್ಲ. ಅವಳ ತೂಕ ಆರು ಕಿಲೋ, ನಮ್ಮ ತಕ್ಕಡಿಯಲ್ಲಿ ಆ ಹೆಗ್ಗಣ ಮುಕ್ಕಾಲು ಕಿಲೋ ತೂಗಿತು.

ಅರ್ಧ ಕೆಲಸ ನಾಯಿಯದು, ಅರ್ಧ ಗೋಡೌನಿನದು. ನಿಟ್ಟು ಗೋಡೆಗೆ ಒರಗಿದ್ದರೆ ಯಾವ ನಾಯಿಯೂ ಏನೂ ಮಾಡೋಕಾಗಲ್ಲ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟೆ, ಅಡಿಗೆ ಮರದ ಹಲಗೆ ಕೊಟ್ಟು ಎತ್ತರಿಸಿದೆ. ಹಲಗೆಗೆ ಹದಿನಾಲ್ಕು ಸಾವಿರ ಆಯಿತು, ನಾಲ್ಕು ನಿಟ್ಟಿನ ಜಾಗವೂ ಹೋಯಿತು. ಪಾಷಾಣ ಪೂರ್ತಿ ತೆಗೆಸಿ ಮೂರು ತಿಂಗಳು ಕಳೆದ ಮೇಲೇ ಅವಳನ್ನು ಬಿಟ್ಟದ್ದು. ವಿಷ ತಿಂದ ಇಲಿ ನಾಯಿ ಹೊಟ್ಟೆಗೆ ಹೋದರೆ ನಾಯಿಯೂ ಹೋಗಬಹುದು. ಪಾಷಾಣ ಇಡದ ಹಾಗೆ ಪಕ್ಕದವರನ್ನೂ ಒಪ್ಪಿಸೋಕೆ ಎರಡು ಸಲ ಊಟ ಹಾಕಿಸಿದೆ. ಇಲಿ ಜ್ವರದ ಲಸಿಕೆ ಒಂದು ವರ್ಷವೂ ತಪ್ಪಿಸಲ್ಲ. ಕೆಲಸ ಮುಗಿದ ಮೇಲೆ ಬಾಯಿ, ಪಾದ ತೊಳೆಯೋದು ನಾನೇ, ಗ್ಲೌಸ್ ಹಾಕಿಕೊಂಡು. ಸತ್ತ ಇಲಿಯನ್ನು ಹಮಾಲಿಗಳೂ ಬರಿಗೈಲಿ ಮುಟ್ಟೋ ಹಾಗಿಲ್ಲ.

ಲೆಕ್ಕ ಕೇಳುತ್ತೀರಲ್ಲ, ನೆನಪಿದ್ದಷ್ಟು ಹೇಳುತ್ತೇನೆ. ಟೈಗರ್‌ನನ್ನು ಬಿಟ್ಟು, ಸಾಸ್ವೆಗೆ ಇದುವರೆಗೆ ಒಂದು ಲಕ್ಷದ ಹತ್ತಿರ, ಊಟ ಹಲಗೆ ಎಲ್ಲ ಸೇರಿ. ಈಗ ತಿಂಗಳಿಗೆ ಹಾಳಾಗೋದು ಐನೂರು ಆರುನೂರರ ಮಾಲು. ಇನ್ನೊಂದು ವರ್ಷ ಹಿಡಿದರೆ ದುಡ್ಡು ವಾಪಸ್ಸು. ಟೈಗರ್‌ನ ಲೆಕ್ಕ ಮನೆಯಲ್ಲಿ ಯಾರೂ ಎತ್ತಬಾರದು ಅಂತ ಒಪ್ಪಂದ ಆಗಿದೆ.

ಪಕ್ಕದವರು ಈಗ ಶನಿವಾರ ಶನಿವಾರ ತಾವೇ ಶಟರ್ ಎತ್ತಿಕೊಂಡು ಕಾಯುತ್ತಾರೆ. ಅವಳಿಗೆ ಅಂತ ಅರ್ಧ ಕಿಲೋ ಈಲಿ ತರುತ್ತಾರೆ. ಅದೇ ಮನೆಯ ಇನ್ನೊಂದು ಮರಿ ತಮಗೂ ಬೇಕಂತೆ. ತರಿಸಿಕೊಟ್ಟೆ. ಅದಕ್ಕೆ ಈಗ ಐದು ತಿಂಗಳು. ಮೊನ್ನೆ ಬಂದು, "ಸಾರ್, ಭಾರೀ ಚುರುಕಿದೆ, ಬರೋ ವಾರ ಬಿಟ್ಟು ನೋಡೋಣ್ವಾ?" ಅಂದರು. ಹಗ್ಗ ಈಸಿಕೊಂಡು, ಮರಿಯನ್ನು ನಮ್ಮ ತೂಕದ ಯಂತ್ರದ ಪಕ್ಕ ಕಟ್ಟಿದ್ದೇನೆ.