ಸಿಕ್ಕಿಂ ಲೆಕ್ಕ ನನಗೆ ಸಿಕ್ಕಿದ್ದು ಹೇಗೆ

2024ರ ಮೇ ಮೊದಲ ವಾರ ಒಂದು ಲಕೋಟೆ ಅಂಟಿಸಿ ಗೆಳೆಯನೊಬ್ಬನ ಕೈಗೆ ಕೊಟ್ಟೆ. ಒಳಗಿದ್ದದ್ದು ಒಂದೇ ಹಾಳೆ. ಮೇಲ್ಗಡೆ ದಪ್ಪಗೆ 31–1, ಅಂದ್ರೆ ಆಳುವ ಎಸ್‌ಕೆಎಂಗೆ (ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾ) 31 ಸೀಟು, ಎದುರಿನ ಎಸ್‌ಡಿಎಫ್‌ಗೆ (ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್) ಒಂದು. ಕೆಳಗೆ 32 ಕ್ಷೇತ್ರಗಳ ಪಟ್ಟಿ. ಸಿಕ್ಕಿಂ ವಿಧಾನಸಭೆಗೆ ಏಪ್ರಿಲ್ 19ಕ್ಕೇ ಮತದಾನ ಮುಗಿದಿತ್ತು. ಆದರೆ ಜೂನ್ 1ರ ಸಂಜೆವರೆಗೆ ಎಕ್ಸಿಟ್ ಪೋಲ್ ಹೊರಗೆ ಬಿಡುವಂತಿಲ್ಲ. ನನ್ನದು ಎಕ್ಸಿಟ್ ಪೋಲ್ ಅಲ್ಲ, ನಿಜ. ಆದ್ರೂ ಯಾಕೆ ಬೇಕು ಉಸಾಬರಿ ಅಂತ ಲಕೋಟೆ.

ಸೀಟು ಲೆಕ್ಕ ಹಾಕುವ ನಮ್ಮ ಐದಾರು ಜನರ ಬಳಗಕ್ಕೆ ಬಾಯಿಮಾತಲ್ಲಿ ಹೇಳಿದಾಗ ಎಲ್ಲರೂ ನಕ್ಕರು. "ಎಕ್ಸೆಲ್ ಕೆಟ್ಟಿರಬೇಕು, ಇನ್ನೊಂದ್ಸಲ ನೋಡಪ್ಪ" ಅಂದ ಒಬ್ಬ. ಅವರ ವಾದ ಹಗುರದ್ದೇನಲ್ಲ. ಎಸ್‌ಕೆಎಂ–ಬಿಜೆಪಿ ಮೈತ್ರಿ ಮಾರ್ಚ್‌ನಲ್ಲಿ ಮುರಿದಿತ್ತು. ಫುಟ್‌ಬಾಲ್ ಆಟಗಾರ ಬೈಚುಂಗ್ ಭುಟಿಯಾ ತಮ್ಮ ಪಕ್ಷವನ್ನು ಎಸ್‌ಡಿಎಫ್‌ಗೆ ಸೇರಿಸಿದ್ದರು. ಸುಮಾರು 25 ವರ್ಷ ರಾಜ್ಯ ಆಳಿದ, ಎಸ್‌ಡಿಎಫ್ ನಾಯಕ ಪವನ್ ಚಾಮ್ಲಿಂಗ್ ಇನ್ನೂ ಕಣದಲ್ಲಿದ್ದರು. 2019ರಲ್ಲಿ 17–15 ಆದ ರಾಜ್ಯ ಒಂದೇ ಸಲಕ್ಕೆ 31–1 ಆಗುತ್ತಾ? ಹೆಚ್ಚಿನವರು 20–12ರ ಆಸುಪಾಸಿನಲ್ಲಿದ್ದರು.

2019ರಲ್ಲಿ ನಾನು ಮಣ್ಣು ಮುಕ್ಕಿದ್ದನ್ನು ಮೊದಲು ಹೇಳಿಬಿಡ್ತೇನೆ. ಆಗ ನಾವೆಲ್ಲ ಮಾಡುವಂತೆ ಇಡೀ ರಾಜ್ಯಕ್ಕೆ ಒಂದೇ ಸ್ವಿಂಗ್ (ಹಿಂದಿನ ಸಲಕ್ಕಿಂತ ಎಷ್ಟು ಮತ ಆಚೀಚೆ ಆಗುತ್ತೆ ಅನ್ನೋ ಲೆಕ್ಕ) ಹಚ್ಚಿದ್ದೆ. 'ಒಂದು ಮನೆ, ಒಂದು ಕೆಲಸ' ಯೋಜನೆ ನೋಡಿ ಎಸ್‌ಡಿಎಫ್‌ಗೆ ಸುಮ್ನೆ ಮೂರು ಪರ್ಸೆಂಟ್ ಜಾಸ್ತಿಯೂ ಕೊಟ್ಟಿದ್ದೆ. ಎಸ್‌ಡಿಎಫ್‌ಗೆ 20 ಸೀಟು, ಮತದಲ್ಲೂ ಅದೇ ಮುಂದೆ ಅಂತ ಬರೆದೆ. ಮತದಲ್ಲಿ ನಿಜಕ್ಕೂ ಅದೇ ಮುಂದಿತ್ತು, ಅರ್ಧ ಪರ್ಸೆಂಟಿನಷ್ಟು. ಸೀಟು ಮಾತ್ರ 15ಕ್ಕೆ ನಿಂತಿತು! ಒಂದೊಂದು ಕ್ಷೇತ್ರದಲ್ಲಿ ಹೆಚ್ಚೂಕಡಿಮೆ 14 ಸಾವಿರ ಮತದಾರರು. ಹಲವು ಕಡೆ ಗೆಲುವಿನ ಅಂತರ ಕೆಲವೇ ನೂರು ಮತ. ಅಂಥ ಕಡೆ ರಾಜ್ಯದ ಸರಾಸರಿ ಹಿಡಿದು ಹೋಗೋದು ಅಂದ್ರೆ ಜಿಲ್ಲೆಯ ಮಳೆ ಲೆಕ್ಕ ನೋಡಿ ನಮ್ಮ ಹಿತ್ತಲಿಗೆ ನೀರು ಬಿಡೋದಾ ಬೇಡ್ವಾ ಅಂತ ತೀರ್ಮಾನ ಮಾಡಿದ ಹಾಗೆ.

ಆ ಸಲ ಹೋದ ದುಡ್ಡು ಎಪ್ಪತ್ತು ಸಾವಿರದ ಹತ್ತಿರ. ಅದರಲ್ಲಿ ಅರ್ಧ ವಿಮಾನಕ್ಕೆ.

ಆಮೇಲೆ ಒಂದು ವರ್ಷ ಆ ಫೈಲ್ ತೆರೆಯಲೇ ಇಲ್ಲ. ತೆರೆದಾಗ ಮತದ ಕಾಲಂ ಬಿಟ್ಟು ಹಳೇ ಕಥೆ ನೋಡತೊಡಗಿದೆ. 1989ರಲ್ಲಿ ನರ್ ಬಹದ್ದೂರ್ ಭಂಡಾರಿ ಅವರ ಪಕ್ಷಕ್ಕೆ 32ಕ್ಕೆ 32. ಮುಂದಿನ ಚುನಾವಣೆಯಲ್ಲಿ, 1994ಕ್ಕೆ, ಅದೇ ಪಕ್ಷ 10ಕ್ಕೆ ಇಳಿಯಿತು. 2009ರಲ್ಲಿ ಎಸ್‌ಡಿಎಫ್‌ಗೆ 32ಕ್ಕೆ 32. ಹತ್ತು ವರ್ಷದಲ್ಲಿ ಅಧಿಕಾರವೇ ಹೋಯಿತು. ಕೆಡವಿದವರು ಯಾರು? ಭಂಡಾರಿಯನ್ನು ಕೆಡವಿದ ಚಾಮ್ಲಿಂಗ್, ಅದೇ ಭಂಡಾರಿ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಚಾಮ್ಲಿಂಗ್ ಅವರನ್ನು ಕೆಡವಿದ ಎಸ್‌ಕೆಎಂ ನಾಯಕ ಪ್ರೇಮ್ ಸಿಂಗ್ ತಮಾಂಗ್, ಅದೇ ಚಾಮ್ಲಿಂಗ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಎರಡು ಸಲವೂ ಮನೆಯೊಳಗಿದ್ದವರೇ ಹೊರಗೆ ಬಂದು ಮನೆ ಹಿಡಿದರು. ಹಾಗಿದ್ರೆ ನಾನು ಎಣಿಸಬೇಕಾದದ್ದು ಮತ ಅಲ್ಲ, ಹೊಸಿಲು ದಾಟಿದವರನ್ನು.

ಶಾಸಕರು ದಾಟಿದ್ದು ಎಲ್ಲರಿಗೂ ಗೊತ್ತು. 2019ರ ಆಗಸ್ಟ್‌ನಲ್ಲೇ ಎಸ್‌ಡಿಎಫ್‌ನ ಹತ್ತು ಶಾಸಕರು ಬಿಜೆಪಿಗೆ, ಇಬ್ಬರು ಎಸ್‌ಕೆಎಂಗೆ ಹೋದರು. ಎರಡೆರಡು ಕಡೆ ಗೆದ್ದ ಇಬ್ಬರು ಒಂದೊಂದು ಸೀಟು ಬಿಟ್ಟಿದ್ದರಿಂದ 15 ಇದ್ದದ್ದು ಆಗಲೇ 13 ಆಗಿತ್ತು. ಹಾಗಾಗಿ ಸದನದಲ್ಲಿ ಚಾಮ್ಲಿಂಗ್ ಒಬ್ಬರೇ ಉಳಿದರು. ಅದು ಪೇಪರ್‌ನಲ್ಲೇ ಬರುತ್ತೆ. ನನಗೆ ಬೇಕಾದದ್ದು ಅದಕ್ಕಿಂತ ಕೆಳಗಿನ ಸುದ್ದಿ: 2019ರಲ್ಲಿ ಬೂತಿನೊಳಗೆ ಏಜೆಂಟ್ ಆಗಿ ಕೂತವನು ಈಗ ಎಲ್ಲಿದ್ದಾನೆ?

ಫಾರ್ಮ್ 20 (ಚುನಾವಣಾ ಆಯೋಗದ ಬೂತುವಾರು ಮತಗಳ ಹಾಳೆ) ಇಳಿಸಿಕೊಂಡು ಬೂತುವಾರು ಪಟ್ಟಿ ಮಾಡಿದೆ. ಸುಮಾರು 570 ಬೂತು. ಸ್ಕ್ಯಾನ್ ಎಷ್ಟು ಸೊಟ್ಟ ಅಂದ್ರೆ ಒಂದು ಕ್ಷೇತ್ರದಲ್ಲಿ 7 ಮತ್ತು 1ರ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಕೂಡಿಸಿ ಕೂಡಿಸಿ, ಕೊನೆಯ ಸಾಲಿನ ಮೊತ್ತಕ್ಕೆ ತಾಳೆ ಬರುವವರೆಗೆ ತಿದ್ದಿದೆ. ಸ್ಕ್ಯಾನ್ ಓದಿ ಅಕ್ಷರ ಮಾಡುವ ಓಸಿಆರ್ ಸಾಫ್ಟ್‌ವೇರ್ ನಂಬಬೇಡಿ. ಟೈಪ್ ಮಾಡಲು ಇಬ್ಬರು ಹುಡುಗರಿಗೆ ಒಂಬತ್ತು ಸಾವಿರ ಕೊಟ್ಟೆ. ತಪ್ಪು ತಿದ್ದಲು ನನ್ನ ಮೂರು ಭಾನುವಾರ ಹೋದವು.

ಏಜೆಂಟ್‌ಗಳ ಹೆಸರು ಯಾವ ವೆಬ್‌ಸೈಟ್‌ನಲ್ಲೂ ಇರಲ್ಲ. ಬೆಂಗಳೂರಲ್ಲಿ ಓದುತ್ತಿದ್ದ ನಾಮ್ಚಿ ಕಡೆಯ ಹುಡುಗನೊಬ್ಬ ಸಿಕ್ಕ. ದಿನಕ್ಕೆ 1,500, ಊಟ ನನ್ನದು. 2024ರ ಫೆಬ್ರವರಿಯಲ್ಲಿ ಇಬ್ಬರೂ ಹೊರಟೆವು. ಬಾಗ್ಡೋಗ್ರಾದಲ್ಲಿ ಇಳಿದು ಶೇರ್ ಜೀಪು ಹಿಡಿದೆವು. ಹಿಂದಿನ ಅಕ್ಟೋಬರ್‌ನ ತೀಸ್ತಾ ಪ್ರವಾಹದಲ್ಲಿ ಹೆದ್ದಾರಿ ಕಿತ್ತುಹೋಗಿತ್ತು. ರಿಪೇರಿ ಇನ್ನೂ ನಡೀತಾನೇ ಇತ್ತು. ಜೀಪಿನ ಹಿಂದಿನ ಸೀಟಲ್ಲಿ ಕೂತು ಆರು ಗಂಟೆ ಸೊಂಟ ಹಿಡ್ಕೊಂಡೆ.

ಮೊದಲ ಎರಡು ದಿನ ಪೂರ್ತಿ ದಂಡ. "ಯಾರಿಗೆ ಹಾಕ್ತೀರಿ" ಅಂತ ಕೇಳಿದರೆ ಎಲ್ಲರೂ ಆಳುವ ಪಕ್ಷವೇ ಅಂತಾರೆ. ಒಂದೇ ಪಕ್ಷ ಆಳುವ ಊರಲ್ಲಿ ಅದು ಉತ್ತರ ಅಲ್ಲ, ಶಿಷ್ಟಾಚಾರ. ಮೂರನೇ ದಿನ ಹುಡುಗನೇ ದಾರಿ ತೋರಿಸಿದ. "ಸರ್, ನೀವು ನೋಟ್‌ಬುಕ್ ಒಳಗಿಡಿ, ನಾನು ನಮ್ಮ ಮಾವನ ವಿಷಯ ಎತ್ತುತ್ತೇನೆ" ಅಂದ. ಅವನ ಸೋದರಮಾವ 2019ರಲ್ಲಿ ಎಸ್‌ಡಿಎಫ್ ಏಜೆಂಟ್. ಟೀ ಅಂಗಡಿಯಲ್ಲಿ ಕೂತು ಮಾವನ ಸುದ್ದಿ ಶುರು ಮಾಡಿದರೆ ಸಾಕು. ಆ ಬೂತಿನವನು ಎಲ್ಲಿ, ಪಕ್ಕದ ಬೂತಿನವನು ಎಲ್ಲಿ, ಎಲ್ಲ ತಾನಾಗಿಯೇ ಬರುತ್ತಿತ್ತು. ಹತ್ತು ದಿನದಲ್ಲಿ ಹೆಚ್ಚುಕಮ್ಮಿ 200 ಬೂತು. ಉಳಿದವು ಫೋನಿನಲ್ಲಿ, ಏಪ್ರಿಲ್‌ವರೆಗೆ. ಕೊನೆಗೆ 340 ದಾಟಿತು ಅಂತ ನೆನಪು.

ಪ್ರತಿ ಏಜೆಂಟ್‌ಗೂ ಮೂರರಲ್ಲಿ ಒಂದು ಗುರುತು: ಇದ್ದಾನೆ, ದಾಟಿದ್ದಾನೆ, ಮನೆಯಲ್ಲಿ ಕೂತಿದ್ದಾನೆ. ನಾನು ಅಂದುಕೊಂಡದ್ದು ತಲೆಕೆಳಗಾದದ್ದು ಇಲ್ಲೇ. ದಾಟಿದವನು ಪಕ್ಷಕ್ಕೆ ದೊಡ್ಡ ನಷ್ಟ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ದಾಟಿದವನ ಹಿಂದೆ ಹೋಗೋದು ಅವನ ಮನೆ, ಇನ್ನೆರಡು ಮನೆ. ಹೊಸ ಪಕ್ಷದಲ್ಲಿ ಅವನನ್ನು ನಂಬುವವರೂ ಕಡಿಮೆ. ನಿಜವಾದ ಪೆಟ್ಟು ಮನೆಯಲ್ಲಿ ಕೂತವನದು. ಅವನು ಎದ್ದು ಬರದಿದ್ದರೆ ಮುದುಕರನ್ನು ಕರೆತರಲು ಗಾಡಿ ಇಲ್ಲ, ಚೀಟಿ ಹಂಚಲು ಆಳಿಲ್ಲ. ಬೂತಿನ ಹೊರಗೆ ಆ ಪಕ್ಷದ ಟೇಬಲ್ಲೇ ಇರಲ್ಲ. ಅಂಥ ಬೂತಿನಲ್ಲಿ ಹಳೇ ಮತದಿಂದ ದೊಡ್ಡ ಪಾಲು ಕಳೆದೆ. ಎಷ್ಟು ಪಾಲು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಬೂತು ಊರೊಳಗಿದೆಯೋ ರಸ್ತೆ ಬದಿಗಿದೆಯೋ ಅನ್ನೋದರ ಮೇಲೆ ಅದು ಬದಲಾಗುತ್ತೆ ಅಂತ ಮಾತ್ರ ಹೇಳಬಲ್ಲೆ.

ನಡುವೆ ಕೆಲವು ಹುಚ್ಚಾಟಗಳೂ ಆದವು. ಸಿಂಗ್ತಾಮ್‌ನಿಂದ ನಾಮ್ಚಿವರೆಗೆ ಜೀಪಿನ ಕಿಟಕಿಯಲ್ಲಿ ಕೂತು ಅಂಗಡಿ ಮನೆಗಳ ಮೇಲೆ ಎಸ್‌ಡಿಎಫ್ ಗುರುತಾದ ಛತ್ರಿ ಎಷ್ಟು, ಎಸ್‌ಕೆಎಂ ಗುರುತಾದ ಟೇಬಲ್ ಲ್ಯಾಂಪ್ ಎಷ್ಟು ಅಂತ ಎಣಿಸಿದೆ. ಎಂಟು ಲ್ಯಾಂಪಿಗೆ ಒಂದು ಛತ್ರಿ ಬಂತು. ಕಸದ ಬುಟ್ಟಿಗೆ ಹಾಕಿ. ಆಳುವ ಪಕ್ಷದ ಗುರುತು ಹಾಕದಿರಲು ಧೈರ್ಯ ಬೇಕು, ಹಾಕಲು ಏನೂ ಬೇಡ. ಯೂಟ್ಯೂಬ್ ಭಾಷಣಗಳ ಕೆಳಗಿನ ಕಾಮೆಂಟ್ ಎಣಿಸಿದ್ದು ಇನ್ನೂ ದಂಡ. ಅಲ್ಲಿ ಎಸ್‌ಡಿಎಫ್ ಗೆಲ್ಲುತ್ತಿತ್ತು!

ಸಂಘ ಕ್ಷೇತ್ರಕ್ಕೆ ನನ್ನ ವಿಧಾನ ನಡೆಯಲ್ಲ. ಅಲ್ಲಿ ಮತ ಹಾಕುವವರು ಮಠಗಳ ಭಿಕ್ಷು ಭಿಕ್ಷುಣಿಯರು ಮಾತ್ರ, ಮೂರು ಸಾವಿರ ಚಿಲ್ಲರೆ. ಕ್ಷೇತ್ರಕ್ಕೆ ಗಡಿಯೇ ಇಲ್ಲ. ಬೇರೆ ಯಂತ್ರ, ಬೇರೆ ಪಟ್ಟಿ. 2004ರಲ್ಲಿ ಎಸ್‌ಡಿಎಫ್ 31 ಗೆದ್ದಾಗ ಕೈತಪ್ಪಿದ್ದು ಇದೊಂದೇ. ಕಣ್ಣು ಮುಚ್ಚಿ ಎಸ್‌ಕೆಎಂಗೆ ಬರೆದೆ.

ಅರುಣಾಚಲಕ್ಕೂ ಇದನ್ನೇ ಮಾಡೋಣ ಅಂತ ಮಾರ್ಚ್‌ನಲ್ಲಿ ಆಸೆಪಟ್ಟೆ. ಅಲ್ಲಿ 60ರಲ್ಲಿ ಹತ್ತು ಸೀಟು ಮತದಾನಕ್ಕೆ ಮೊದಲೇ ಅವಿರೋಧ ಆಗಿಹೋದವು. ಎದುರು ನಿಲ್ಲುವವನೇ ಇಲ್ಲದ ಕಡೆ ಏಜೆಂಟ್ ಎಲ್ಲಿ ಹುಡುಕಲಿ? ಬಿಟ್ಟೆ.

2024ರ ಒಟ್ಟು ಖರ್ಚು ಒಂದು ಲಕ್ಷ ಹತ್ತು ಸಾವಿರ ಆಗಿರಬೇಕು. ವರದಿ ಕೊಳ್ಳುತ್ತೇವೆ ಅಂದಿದ್ದ ಒಂದು ಕಂಪನಿ ಒಂದೂವರೆ ಲಕ್ಷಕ್ಕೆ ಒಪ್ಪಿ ಐವತ್ತು ಸಾವಿರ ಮುಂಗಡ ಕೊಟ್ಟಿತ್ತು. 31–1 ನೋಡಿದ ಮೇಲೆ "ಇದನ್ನು ನಮ್ಮ ಗಿರಾಕಿಗೆ ತೋರಿಸೋಕಾಗಲ್ಲ" ಅಂದರು. ಬಾಕಿ ಇವತ್ತಿಗೂ ಬಾಕಿ.

ಜೂನ್ 2, ಬೆಳಗ್ಗೆ ಆರಕ್ಕೆ ಎಣಿಕೆ. ಗೆಳೆಯ ಲಕೋಟೆ ಹಿಡಿದು ಮನೆಗೇ ಬಂದ. ಮಧ್ಯಾಹ್ನ ಊಟಕ್ಕೆ ಮೊದಲು ಒಡೆದ. ಎಸ್‌ಕೆಎಂ 31, ಎಸ್‌ಡಿಎಫ್ 1. ಅವನು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಕೆಳಗಿನ ಪಟ್ಟಿ ಓದಿ ಜೋರಾಗಿ ನಗತೊಡಗಿದ. ಆ ಒಂದು ಸೀಟು ಅಂತ ನಾನು ಬರೆದದ್ದು ಪೋಕ್ಲೋಕ್–ಕಾಮ್ರಾಂಗ್. ಚಾಮ್ಲಿಂಗ್ ಅಲ್ಲೂ ಸೋತರು, ನಿಂತಿದ್ದ ಇನ್ನೊಂದು ಕಡೆ ನಾಮ್ಚೇಬುಂಗ್‌ನಲ್ಲೂ ಸೋತರು. ಎಸ್‌ಡಿಎಫ್‌ಗೆ ಬಂದದ್ದು ಸ್ಯಾರಿ. ಮೊತ್ತ ಸರಿ, ಎರಡು ಸೀಟು ಅದಲು ಬದಲು. ಲೆಕ್ಕ ಅಂತೀರೋ ಅದೃಷ್ಟ ಅಂತೀರೋ ನಿಮಗೆ ಬಿಟ್ಟದ್ದು. 20–12 ಅಂದವರು ಮಾತ್ರ ಇದನ್ನು ಅದೃಷ್ಟ ಅನ್ನಬಾರದು.

ತಪ್ಪಿದ್ದು ಯಾಕೆ ಅಂತ ಹಿಂದೆ ಹೋಗಿ ನೋಡಿದೆ. ಪೋಕ್ಲೋಕ್–ಕಾಮ್ರಾಂಗ್‌ನಲ್ಲಿ ಹಿರಿಯ ನಾಯಕರ ಊರು ಅಂತ ಗುರುತುಗಳನ್ನು ಮೃದು ಮಾಡಿದ್ದೆ. ಮನೆಯಲ್ಲಿ ಕೂತವರನ್ನೂ 'ಇದ್ದಾನೆ' ಅಂತಲೇ ಬರೆದಿದ್ದೆ. ಸ್ಯಾರಿಯಲ್ಲಿ ಕೇಳಿದ್ದೇ ನಾಲ್ಕು ಬೂತು.

ಜುಲೈನಲ್ಲಿ ಸ್ಯಾರಿಯ ಶಾಸಕರೂ ಎಸ್‌ಕೆಎಂ ಸೇರಿದರು. ನವೆಂಬರ್‌ಗೆ ಎರಡು ಕ್ಷೇತ್ರಗಳಲ್ಲಿ ಉಪಚುನಾವಣೆ ಇತ್ತು, ಸೋರೆಂಗ್–ಚಾಕುಂಗ್ ಮತ್ತು ನಾಮ್ಚಿ–ಸಿಂಘಿಥಾಂಗ್. ಈ ಸಲ ಬೂತು ಬಿಡಬಾರದು ಅಂತ ಎರಡರದ್ದೂ ಪಟ್ಟಿ ಮಾಡಿ, ಹುಡುಗನಿಗೆ ನಾಲ್ಕು ಸಾವಿರ ಮುಂಗಡ ಕಳಿಸಿದೆ. ಅವನು ಊರಿಗೆ ಹೋಗಿ ಇಳಿಯುವಷ್ಟರಲ್ಲಿ ಎದುರಾಳಿಗಳು ನಾಮಪತ್ರ ವಾಪಸ್ ತೆಗೆದುಕೊಂಡು ಎರಡೂ ಅವಿರೋಧ ಆದವು. "ಸರ್, ದುಡ್ಡು ವಾಪಸ್ ಹಾಕಲಾ?" ಅಂತ ಫೋನ್ ಮಾಡಿದ. ಇರಲಿ, ನಿಮ್ಮ ಮಾವ ಈಗ ಯಾವ ಕಡೆ ಅಂತ ಕೇಳಿದೆ.

"ಮನೆಯಲ್ಲೇ ಕೂತಿದ್ದಾರೆ ಸರ್."