ಹುಬ್ಬಳ್ಳಿ–ಮೈಸೂರು: ವಿಮಾನದ ದೂರ, ಸಮಯ ನೀವೇ ಲೆಕ್ಕ ಹಾಕಿ

ಟಿಕೆಟ್ ನೋಡುವಾಗ ‘ಒಂದು ತಾಸು ಹತ್ತು ನಿಮಿಷ’ ಅಂತ ಕಂಡರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಅದು ವಿಮಾನದ ಸಮಯ, ನಿಮ್ಮ ಪ್ರಯಾಣದ್ದಲ್ಲ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಮೊದಲು ದೂರ. ಮೊಬೈಲ್‌ನಲ್ಲಿ ಗೂಗಲ್ ಮ್ಯಾಪ್ ತೆರೆದು ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪಿನ್ ಬೀಳುತ್ತದೆ. ದೂರ ಅಳೆಯುವ ಆಯ್ಕೆ ಒತ್ತಿ, ನಕ್ಷೆಯನ್ನು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದವರೆಗೆ ಸರಿಸಿ. ಸುಮಾರು 385 ಕಿ.ಮೀ. ಬರುತ್ತದೆ.

ಕೈಲೆಕ್ಕವೂ ಕಷ್ಟವಲ್ಲ. ಮಕ್ಕಳ ಹತ್ತಿರ ಮಾಡಿಸಿ, ಭೂಗೋಳ ಗಣಿತ ಎರಡೂ ಒಟ್ಟಿಗೆ ಆಗುತ್ತವೆ. ಹುಬ್ಬಳ್ಳಿ ನಿಲ್ದಾಣದ ಅಕ್ಷಾಂಶ 15.36, ರೇಖಾಂಶ 75.08. ಮೈಸೂರಿನದು 12.23 ಮತ್ತು 76.66. ಅಕ್ಷಾಂಶದ ವ್ಯತ್ಯಾಸ 3.13 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ 347 ಆಯಿತು. ರೇಖಾಂಶದ ವ್ಯತ್ಯಾಸ 1.58. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ, ಹಾಗಾಗಿ ನಮ್ಮ ಭಾಗದಲ್ಲಿ ಡಿಗ್ರಿಗೆ 108 ಸಾಕು. ಅದು 171. ಇವೆರಡೂ ಲಂಬಕೋನ ತ್ರಿಭುಜದ ಬದಿಗಳು. ಪೈಥಾಗೊರಸ್ ಸೂತ್ರ ಹಾಕಿದರೆ ಕರ್ಣ 387. ಒಂದೆರಡು ಕಿಲೋಮೀಟರ್ ಆಚೀಚೆ ಆದರೆ ಪರವಾಗಿಲ್ಲ.

ಇನ್ನು ಸಮಯ. ಮಂಡಕಳ್ಳಿ ರನ್‌ವೇ ಬರೀ 1,740 ಮೀಟರ್. ದೊಡ್ಡ ಜೆಟ್‌ಗೆ ಅದು ಸಾಲದು, ರೆಕ್ಕೆಯಲ್ಲಿ ಪಂಖ ಇರುವ ಎಟಿಆರ್ 72 ಇಳಿಯುತ್ತದೆ. ಅದರ ವೇಗ ತಾಸಿಗೆ ಸುಮಾರು 500 ಕಿ.ಮೀ. ಅಂದರೆ 46 ನಿಮಿಷದ ಹಾರಾಟ. ಆದರೆ ಎರಡೂ ಕಡೆಯ ರನ್‌ವೇ ಪೂರ್ವ–ಪಶ್ಚಿಮಕ್ಕಿವೆ, ಹೋಗಬೇಕಾದದ್ದು ದಕ್ಷಿಣಕ್ಕೆ. ಏರಿ ತಿರುಗಬೇಕು, ನಿಧಾನವಾಗಿ ಇಳಿಯಬೇಕು, ನೆಲದ ಮೇಲೂ ಸಾಗಬೇಕು. ಇದಕ್ಕೆಲ್ಲ ಇಪ್ಪತ್ತು ಇಪ್ಪತ್ತೈದು ನಿಮಿಷ ಸೇರಿಸಿ.

ಬುಕ್ ಮಾಡುವ ಮುಂಚೆ ನೇರ ವಿಮಾನ ಇದೆಯಾ ನೋಡಿ. ಸಣ್ಣ ಊರುಗಳ ಮಾರ್ಗ ಆಗಾಗ ಬದಲಾಗುತ್ತವೆ. ಇಲ್ಲದಿದ್ದರೆ ಬೆಂಗಳೂರಿಗೆ ಹಾರಿ, ಅಲ್ಲಿನ ನಿಲ್ದಾಣದಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹಿಡಿಯಬೇಕು. ಆ ಬಸ್ಸಿಗೇ ಅರ್ಧ ದಿನ ಹೋದ ಹಾಗೆ.

ಕೊನೆಗೆ ಮನೆಯಿಂದ ಮನೆಗೆ ಎಷ್ಟು? ನನ್ನ ಪ್ರಕಾರ ಇದೇ ಮುಖ್ಯ ಲೆಕ್ಕ. ಚೆಕ್‌ಇನ್ ಸಾಮಾನ್ಯವಾಗಿ ಒಂದು ತಾಸು ಮುಂಚೆ ಮುಗಿಯುತ್ತದೆ, ಒಂದೂವರೆ ತಾಸು ಮುಂಚೆ ನಿಲ್ದಾಣದಲ್ಲಿರಿ. ಇಳಿದ ಮೇಲೆ ಬ್ಯಾಗು, ಆಟೊ ಅಂತ ಇನ್ನೊಂದು ತಾಸು. ಹುಬ್ಬಳ್ಳಿಯವರಿಗೆ ಒಟ್ಟು ನಾಲ್ಕು ತಾಸು. ಧಾರವಾಡದವರು ಅರ್ಧ ತಾಸು ಜಾಸ್ತಿ ಹಿಡಿಯಲಿ, ಗದಗಿನವರು ಒಂದು ತಾಸು.

ಹಾವೇರಿಯವರ ಲೆಕ್ಕ ಮಾತ್ರ ಬೇರೆ. ಮೈಸೂರಿರುವುದು ದಕ್ಷಿಣಕ್ಕೆ, ವಿಮಾನ ಹತ್ತಲು ಸುಮಾರು 75 ಕಿ.ಮೀ. ಉತ್ತರಕ್ಕೆ ಬರಬೇಕು. ತುರ್ತು ಇಲ್ಲದಿದ್ದರೆ ಅವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸೇ ಒಳ್ಳೆಯದು. ರಾತ್ರಿ ಮನೆ ಹತ್ತಿರವೇ ಹತ್ತಿ ಮಲಗಿದರೆ ಬೆಳಗ್ಗೆ ಮೈಸೂರು.